ಕ್ಯೂ ಜ್ವರ ಮತ್ತು ಬಿಡದ ದಣಿವು

ಕಾಯಿಲೆಯ ಸ್ವರೂಪ

ಆರು ತಿಂಗಳು ಕಳೆದರೂ ಬಿಡದ, ನಿದ್ರೆಯಿಂದಲೂ ವಿಶ್ರಾಂತಿಯಿಂದಲೂ ನೀಗದ ದಣಿವಿಗೆ ದೀರ್ಘಕಾಲೀನ ಆಯಾಸ ಸಿಂಡ್ರೋಮ್ ಎಂದು ಹೆಸರು. ತುಸು ಶ್ರಮಪಟ್ಟರೂ ಮರುದಿನ ಲಕ್ಷಣಗಳೆಲ್ಲ ಉಲ್ಬಣಿಸುವುದು ಇದರ ಮುಖ್ಯ ಗುರುತು. ಇದನ್ನು ಹೋಲುವ ಫೈಬ್ರೊಮಯಾಲ್ಜಿಯ ಎಂಬ ಕಾಯಿಲೆಯಲ್ಲಿ ಮೈಯೆಲ್ಲ ಹರಡುವ ನೋವೇ ಪ್ರಧಾನ. ಎಕ್ಸ್‌ರೇ ತೆಗೆದರೆ ಕೀಲುಗಳಲ್ಲಿ ಅದಕ್ಕೆ ಕಾರಣವಾಗುವಂಥದ್ದೇನೂ ಕಾಣುವುದಿಲ್ಲ. ಎರಡೂ ಒಬ್ಬರಲ್ಲೇ ಇರುವುದುಂಟು. ‘ಒಂದು ಜ್ವರ ಬಂದು ಹೋದಾಗಿನಿಂದ ಹೀಗೆ’ ಎನ್ನುವ ರೋಗಿಗಳು ಹಲವರು. ಹಾಗಾದರೆ ಆ ಜ್ವರದ ರೋಗಾಣು ಇನ್ನೂ ಒಳಗೇ ಅಡಗಿದೆಯೇ?

ಕ್ಯೂ ಜ್ವರದ ಮೂಲ

ಈ ಪ್ರಶ್ನೆಯನ್ನು ಚೆನ್ನಾಗಿ ಪರೀಕ್ಷಿಸಲು ಅವಕಾಶ ಕೊಟ್ಟ ರೋಗ ಕ್ಯೂ ಜ್ವರ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಕಸಾಯಿಖಾನೆಯ ಕೆಲಸಗಾರರಿಗೆ ಬರುತ್ತಿದ್ದ ವಿಚಿತ್ರ ಜ್ವರವನ್ನು ಎಡ್ವರ್ಡ್ ಡೆರಿಕ್ 1935ರಿಂದ ಅಧ್ಯಯನ ಮಾಡಿದರು. ಕಾರಣ ಕಾಕ್ಸಿಯೆಲ್ಲಾ ಬರ್ನೆಟಿ ಎಂಬ ಬ್ಯಾಕ್ಟೀರಿಯಾ. ಸೋಂಕು ತಗುಲಿದ ಕುರಿ, ಮೇಕೆ, ದನ ಈದಾಗ ಬೀಳುವ ಮಾಸಿನಲ್ಲಿ ಇದು ಅಪಾರ ಸಂಖ್ಯೆಯಲ್ಲಿರುತ್ತದೆ. ಮಾಸು ಒಣಗಿ ಧೂಳಿನೊಂದಿಗೆ ಬೆರೆತರೂ ತಿಂಗಳುಗಟ್ಟಲೆ ಬದುಕುತ್ತದೆ, ಉಸಿರಿನ ಮೂಲಕ ಶ್ವಾಸಕೋಶ ಸೇರುತ್ತದೆ. ತೀವ್ರ ಜ್ವರ, ಸಹಿಸಲಾಗದ ತಲೆನೋವು, ಬೆವರು, ಮೈಕೈ ನೋವು ಇದರ ಲಕ್ಷಣಗಳು.

ನ್ಯೂ ಸೌತ್ ವೇಲ್ಸ್‌ನ ಡಬ್ಬೊ ಪಟ್ಟಣದ ಸುತ್ತಮುತ್ತ ಕ್ಯೂ ಜ್ವರ ಅಥವಾ ಎರಡು ಬಗೆಯ ವೈರಸ್ ಜ್ವರ ಬಂದಿದ್ದ 253 ಜನರ ಆರೋಗ್ಯವನ್ನು ಸಂಶೋಧಕರು ಗಮನಿಸುತ್ತ ಬಂದರು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆರು ತಿಂಗಳ ನಂತರ ಶೇ. 11ರಷ್ಟು ಜನರಲ್ಲಿ ಆಯಾಸ ಸಿಂಡ್ರೋಮ್ ಕಂಡಿತು. ರೋಗಾಣು ಯಾವುದಾದರೂ ಪ್ರಮಾಣ ಹೆಚ್ಚು ಕಡಿಮೆ ಒಂದೇ. ಮೊದಲ ಜ್ವರ ಎಷ್ಟು ಉಗ್ರವಾಗಿತ್ತು ಎಂಬುದೇ ಮುಂದಿನದನ್ನು ಸೂಚಿಸಿತು.

ಔಷಧದ ಪರೀಕ್ಷೆ

ನೆದರ್‌ಲ್ಯಾಂಡ್ಸ್‌ನ ಮೇಕೆ ಸಾಕಣೆ ಕೇಂದ್ರಗಳಿಂದ 2007–2010ರಲ್ಲಿ ಕ್ಯೂ ಜ್ವರ ಹರಡಿ 4,000ಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ರೋಗಾಣು ಇನ್ನೂ ಒಳಗೇ ಇದ್ದರೆ ಅದನ್ನು ಕೊಲ್ಲುವ ಔಷಧದಿಂದ ದಣಿವು ಇಳಿಯಬೇಕು. ಇದನ್ನು ನೋಡಲು, ಆ ಜ್ವರದ ನಂತರ ದಣಿವು ಬಿಡದ 156 ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ 24 ವಾರ ಡಾಕ್ಸಿಸೈಕ್ಲಿನ್ ಎಂಬ ಪ್ರತಿಜೀವಕ, ಇನ್ನೊಂದಕ್ಕೆ ಔಷಧಾಂಶವಿಲ್ಲದ ಹುಸಿಮಾತ್ರೆ, ಮತ್ತೊಂದಕ್ಕೆ ಆಪ್ತಸಮಾಲೋಚನೆಯ ಮಾದರಿಯ ವರ್ತನಾ ಚಿಕಿತ್ಸೆ ಕೊಡಲಾಯಿತು. ಡಾಕ್ಸಿಸೈಕ್ಲಿನ್ ಹುಸಿಮಾತ್ರೆಯನ್ನು ಮೀರಿಸಲಿಲ್ಲ. ವರ್ತನಾ ಚಿಕಿತ್ಸೆಯಿಂದ ಸಿಕ್ಕ ಅಲ್ಪ ಲಾಭವೂ ಒಂದು ವರ್ಷದ ಬಳಿಕ ಉಳಿಯಲಿಲ್ಲ.

ಇನ್ನೊಂದು ಪರೀಕ್ಷೆ ಅಮೆರಿಕದ್ದು. ಗಲ್ಫ್ ಯುದ್ಧದಿಂದ ಮರಳಿದ ಸೈನಿಕರ ದಣಿವು, ಮೈನೋವು, ಮರೆವುಗಳಿಗೆ ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾವೇ ಕಾರಣವೆಂಬ ವಾದ ಜೋರಾಗಿತ್ತು. ರಕ್ತದಲ್ಲಿ ಅದರ ಡಿಎನ್‌ಎ ಪತ್ತೆಯಾಗಿದ್ದ 491 ಮಾಜಿ ಸೈನಿಕರಲ್ಲಿ ಕೆಲವರಿಗೆ ಡಾಕ್ಸಿಸೈಕ್ಲಿನ್, ಉಳಿದವರಿಗೆ ಹುಸಿಮಾತ್ರೆಯನ್ನು ವರ್ಷಪೂರ್ತಿ ಕೊಟ್ಟರು. ವರ್ಷದ ಕೊನೆಗೆ ಎರಡು ಗುಂಪುಗಳಿಗೂ ವ್ಯತ್ಯಾಸವಿರಲಿಲ್ಲ. ಔಷಧ ನುಂಗಿದವರಿಗೆ ಓಕರಿಕೆ ಮತ್ತು ಬಿಸಿಲಿಗೆ ಚರ್ಮ ಕೆರಳುವ ತೊಂದರೆ ಮಾತ್ರ ಹೆಚ್ಚಾಗಿತ್ತು. ಪ್ರಯೋಗಾಲಯದ ವರದಿಯಲ್ಲಿ ರೋಗಾಣುವಿನ ತುಣುಕು ಸಿಕ್ಕ ಮಾತ್ರಕ್ಕೆ ಅದೇ ರೋಗಕಾರಣ ಎನ್ನಲಾಗದು.

ಯಾರಿಗೆ ಔಷಧ ಬೇಕು

ಜೀವಂತ ಸೋಂಕಿದ್ದಲ್ಲಿ ಲೆಕ್ಕವೇ ಬೇರೆ. ಹೊಸ ಕ್ಯೂ ಜ್ವರಕ್ಕೆ ಎರಡು ವಾರಗಳ ಡಾಕ್ಸಿಸೈಕ್ಲಿನ್ ಸಾಕಾದರೆ, ಅದೇ ಬ್ಯಾಕ್ಟೀರಿಯಾ ಹೃದಯದ ಕವಾಟದಲ್ಲಿ ನೆಲೆಸಿದಾಗ ಜೊತೆಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಸೇರಿಸಿ ಕನಿಷ್ಠ 18 ತಿಂಗಳು ಕೊಡಬೇಕಾಗುತ್ತದೆ. ಕರ್ನಾಟಕದ ಜಾನುವಾರುಗಳಲ್ಲಿಯೂ ಇರುವ ಬ್ರುಸೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಕಾಯಿಸದ ಹಾಲಿನಿಂದ, ಕಂದುಹಾಕಿದ ದನದ ಮಾಸು ಮುಟ್ಟುವುದರಿಂದ ಮನುಷ್ಯರಿಗೆ ತಗುಲುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಸೊಂಟನೋವು, ದಣಿವು ಇರುವ ಇಂಥ ರೋಗಿಯನ್ನು ಫೈಬ್ರೊಮಯಾಲ್ಜಿಯ ಎಂದು ಕಳಿಸಿಬಿಡುವ ಅಪಾಯವಿದೆ. ದನ, ಕುರಿ ಸಾಕುವವರು, ಪಶುವೈದ್ಯರು ಈ ಲಕ್ಷಣಗಳೊಂದಿಗೆ ಬಂದರೆ ರಕ್ತಪರೀಕ್ಷೆ ಮೊದಲು ಆಗಬೇಕು. ಬ್ರುಸೆಲ್ಲಾ ಖಚಿತವಾದರೆ ಎರಡು ಔಷಧಗಳನ್ನು ಕೂಡಿಸಿ ಸಾಮಾನ್ಯವಾಗಿ ಆರು ವಾರ ಕೊಡುತ್ತಾರೆ.