ಉದ್ಯಮಬಾಗದ ಪುಟ್ಟ ಕೆಂಪು ದೀಪ

ಟಿಳಕವಾಡಿಯಲ್ಲಿ ವಿಳಾಸ ಹೇಳುವವರು ರಸ್ತೆಯ ಹೆಸರಿಗಿಂತ ಗೇಟಿನ ಸಂಖ್ಯೆಯನ್ನೇ ಹೆಚ್ಚು ಹೇಳುತ್ತಾರೆ: ಒಂದನೇ ರೈಲ್ವೆ ಗೇಟ್, ಎರಡನೇ ಗೇಟ್, ಮೂರನೇ ಗೇಟ್. ಮೂರನೆಯದರ ಆಚೆ ಉದ್ಯಮಬಾಗ. ಎರಕದ ಕೆಲಸಕ್ಕೆ, ಹೈಡ್ರಾಲಿಕ್ ಬಿಡಿಭಾಗಗಳಿಗೆ ಬೆಳಗಾವಿ ಹೆಸರಾಗಿರುವುದು ಇಂಥ ಕಡೆಯ ವರ್ಕ್‌ಶಾಪುಗಳಿಂದ. ಕೈಗಾರಿಕಾ ಇತಿಹಾಸದ ಸಂಶೋಧನೆಗಾಗಿ ಶೆಡ್ಡುಗಳಲ್ಲಿ ಓಡಾಡುವಾಗ ನಾನು ದೊಡ್ಡ ಯಂತ್ರಗಳಿಗಿಂತ ಹೆಚ್ಚಾಗಿ ನೋಡುವುದು, ಪ್ರೆಸ್ಸಿನ ವಾಲ್ವಿಗೆ ಜೋಡಿಸಿದ ಸೊಲೆನಾಯ್ಡ್ ಕಾಯಿಲಿನ ಪ್ಲಗ್ಗಿನೊಳಗೆ ಮಿನುಗುವ, ಕಡಲೆಕಾಳಿಗಿಂತ ಚಿಕ್ಕದಾದ ಕೆಂಪು ದೀಪವನ್ನು.

ಅದರ ಕೆಲಸ ಸರಳ. ಪ್ಯಾನಲ್ ಬೋರ್ಡಿನಿಂದ 24 ವೋಲ್ಟ್ ಬಂದಾಗ ಕಾಯಿಲು ವಾಲ್ವಿನ ಸ್ಪೂಲನ್ನು ಸರಿಸುತ್ತದೆ, ಎಣ್ಣೆ ಹರಿಯುತ್ತದೆ, ಪ್ರೆಸ್ ಇಳಿಯುತ್ತದೆ. ಇಳಿಯದಿದ್ದರೆ ದೋಷ ಸ್ವಿಚ್ಚಿನಲ್ಲಿರಬಹುದು, ಪ್ಯಾನಲ್ಲಿನಲ್ಲಿ, ವೈರಿನಲ್ಲಿ, ಕಾಯಿಲಿನಲ್ಲಿ ಅಥವಾ ವಾಲ್ವಿನಲ್ಲಿರಬಹುದು. ದೀಪ ಈ ಹುಡುಕಾಟವನ್ನು ಅರ್ಧಕ್ಕಿಳಿಸುತ್ತದೆ. ಉರಿಯುತ್ತಿದ್ದರೆ ಕರೆಂಟ್ ಕಾಯಿಲಿನವರೆಗೆ ಬಂದಿದೆ, ಅಲ್ಲಿಂದ ಮುಂದೆ ನೋಡಬೇಕು. ಉರಿಯದಿದ್ದರೆ ಪ್ಯಾನಲ್ ಕಡೆಗೆ ಹಿಂದೆ ಹೋಗಬೇಕು. ಕನ್ನಡ, ಮರಾಠಿ, ಉರ್ದು, ಕೊಂಕಣಿ ಎಲ್ಲ ಕೇಳಿಬರುವ ಊರಿದು. ಯಂತ್ರದ ಕೈಪಿಡಿ ಮಾತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ರಾತ್ರಿ ಪಾಳಿಯವರಿಗೆ ಕೈಪಿಡಿಯಿಲ್ಲದೆ ಓದಲು ಸಿಗುವುದು ಈ ದೀಪವೊಂದೇ.

ಎಲೆಕ್ಟ್ರಾನಿಕ್ ಯಂತ್ರಗಳಲ್ಲಿ ಈ ಓದು ಮೊದಲಿನಿಂದಲೂ ಇದೆ. 1946ರಲ್ಲಿ ಫಿಲಡೆಲ್ಫಿಯಾದಲ್ಲಿ ಜಗತ್ತಿಗೆ ಪರಿಚಯವಾದ ಎನಿಯಾಕ್ ಗಣಕಯಂತ್ರದಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದವು. ಒಳಗಿನ ಎಣಿಕೆ ಎಲ್ಲಿಗೆ ಬಂದಿದೆಯೆಂದು ಮುಂಬದಿಯ ನಿಯಾನ್ ದೀಪಗಳು ತೋರಿಸುತ್ತಿದ್ದವು. ಪ್ರದರ್ಶನದ ದಿನ ಪತ್ರಕರ್ತರಿಗೆ ಚೆನ್ನಾಗಿ ಕಾಣಲೆಂದು ದೀಪಗಳ ಮೇಲೆ ಪಿಂಗ್‌ಪಾಂಗ್ ಚೆಂಡಿನ ಅರ್ಧಭಾಗಗಳನ್ನು ಕೂರಿಸಿದ್ದರಂತೆ. ಆ ಯಂತ್ರಕ್ಕೆ ಲೆಕ್ಕ ಹೂಡುತ್ತಿದ್ದವರು ಆರು ಮಂದಿ ಮಹಿಳೆಯರು. ದೋಷ ಯಾವ ಕೊಳವೆಯಲ್ಲಿದೆ ಎಂದು ಹುಡುಕುವುದರಲ್ಲೂ ಅವರು ಪಳಗಿದ್ದರು. ಪತ್ರಿಕೆಗಳು ದೀಪದ ಮಿನುಗನ್ನು ಹೊಗಳಿದವು. ಅದನ್ನು ಓದಬಲ್ಲವರ ಹೆಸರು ಮುಖ್ಯವಾಗಲು ದಶಕಗಳೇ ಬೇಕಾದವು.

ನಿಕ್ ಹೊಲೊನ್ಯಾಕ್ 1962ರಲ್ಲಿ ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್‌ಇಡಿಯನ್ನು ತೋರಿಸಿಕೊಟ್ಟ ಮೇಲೆ ದೀಪ ಪ್ಯಾನಲ್ ಬಿಟ್ಟು ಒಂದೊಂದು ಲೈನಿಗೂ ಇಳಿಯುವ ದಾರಿ ತೆರೆಯಿತು. ತಂತಿಯ ಬಲ್ಬು ಬಿಸಿಯಾಗುತ್ತಿತ್ತು, ಸುಟ್ಟುಹೋಗುತ್ತಿತ್ತು. ಎಲ್‌ಇಡಿಗಾದರೆ 24 ವೋಲ್ಟ್ ಲೈನಿನಲ್ಲಿ 2.2 ಕಿಲೋಓಮಿನ ರೆಸಿಸ್ಟರ್ ಸೇರಿಸಿದರೆ ಸಾಕು, ಸುಮಾರು 10 ಮಿಲಿಆಂಪಿಯರಿನಲ್ಲಿ ಬೆಳಗುತ್ತದೆ. ಲೈನಿನ ಶಕ್ತಿ ಅದಕ್ಕಿಂತ ಕಡಿಮೆಯಿದ್ದರೆ ಮಾತ್ರ ದೀಪವೇ ಸಿಗ್ನಲನ್ನು ಕುಗ್ಗಿಸಿಬಿಡುತ್ತದೆ. ಆಗ ನಡುವೆ ಒಂದು ಟ್ರಾನ್ಸಿಸ್ಟರ್ ಬೇಕು.

ಆದರೆ ದೀಪ ತಾನು ಕಟ್ಟಿಸಿಕೊಂಡ ಜಾಗದ ಸುದ್ದಿಯನ್ನಷ್ಟೇ ಹೇಳಬಲ್ಲದು. ಇದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ 1979ರ ಮಾರ್ಚ್ 28ರಂದು ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ನಡೆದದ್ದು ಸಾಕ್ಷಿ. ಒತ್ತಡ ಇಳಿಸುವ ವಾಲ್ವ್ ತೆರೆದುಕೊಂಡದ್ದು ಮತ್ತೆ ಮುಚ್ಚಲಿಲ್ಲ. ಕಂಟ್ರೋಲ್ ರೂಮಿನ ದೀಪ ಆರಿತ್ತು. ಅದು ಹೇಳುತ್ತಿದ್ದದ್ದು ಸೊಲೆನಾಯ್ಡಿಗೆ ಕರೆಂಟ್ ನಿಂತಿದೆ ಎಂದಷ್ಟೇ. ವಾಲ್ವ್ ಮುಚ್ಚಿದೆಯೋ ಇಲ್ಲವೋ ಎಂಬುದು ಅದಕ್ಕೆ ಗೊತ್ತಿರಲಿಲ್ಲ. ಅಲ್ಲಿದ್ದವರು ಮುಚ್ಚಿದೆ ಎಂದುಕೊಂಡರು. ಎರಡು ಗಂಟೆಗೂ ಹೆಚ್ಚು ಕಾಲ ತಂಪುಗೊಳಿಸುವ ನೀರು ಸೋರಿಹೋಗಿ, ರಿಯಾಕ್ಟರಿನ ಇಂಧನ ಭಾಗಶಃ ಕರಗಿತು. ಉದ್ಯಮಬಾಗದ ಪ್ಲಗ್ಗಿನೊಳಗಿನ ದೀಪಕ್ಕೂ ಇದೇ ಮಿತಿ. ಸ್ಪೂಲ್ ಕಚ್ಚಿಕೊಂಡಿದ್ದರೂ ಅದು ಉರಿಯುತ್ತದೆ. ಅದು ಆರಿದೆಯೆಂದು ಪ್ರೆಸ್ಸಿನೊಳಗೆ ಕೈಯಿಡುವವನು ವಾಲ್ವನ್ನು ನೋಡಿಲ್ಲ, ದೀಪವನ್ನು ನಂಬಿದ್ದಾನೆ.

ಈ ತೊಡಕಿಗೆ ಉತ್ತರ ಟಿಳಕವಾಡಿಯ ನಡುವೆಯೇ ಹಾದುಹೋಗುವ ರೈಲ್ವೆಯ ಬಳಿ ಬಹಳ ಹಿಂದಿನಿಂದ ಇದೆ. ವಿಲಿಯಂ ರಾಬಿನ್ಸನ್ 1872ರಲ್ಲಿ ಪೇಟೆಂಟ್ ಪಡೆದ ಟ್ರ್ಯಾಕ್ ಸರ್ಕ್ಯೂಟಿನಲ್ಲಿ ಹಳಿಗಳ ಮೂಲಕ ಸದಾ ಕರೆಂಟ್ ಹರಿದು ಒಂದು ರಿಲೇಯನ್ನು ಎತ್ತಿಹಿಡಿದಿರುತ್ತದೆ. ಗಾಡಿ ಬಂದರೆ ರಿಲೇ ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ಬ್ಯಾಟರಿ ಸತ್ತರೂ ವೈರ್ ಕಡಿದರೂ ಕೆಂಪೇ. ದೋಷವಿದ್ದಾಗ ಎಚ್ಚರಿಕೆಯ ಕಡೆಗೇ ವಾಲಬೇಕೆಂಬುದು ಇಲ್ಲಿನ ನಿಯಮ. ಹಾಗೆಯೇ ಹಳಿ ಬದಲಿಸುವ ಪಾಯಿಂಟಿನ ವಿಷಯದಲ್ಲಿ ಸ್ಟೇಷನ್ನಿನ ಪ್ಯಾನಲ್ ದೀಪ ಕೊಟ್ಟ ಆಜ್ಞೆಯನ್ನು ನೆಚ್ಚಿಕೊಳ್ಳುವುದಿಲ್ಲ. ಹಳಿ ನಿಜಕ್ಕೂ ಸರಿದು ಕೂತಿತೆಂದು ಅಲ್ಲಿಯ ಕಾಂಟ್ಯಾಕ್ಟ್ ಹೇಳಿದ ಮೇಲೆಯೇ ಬೆಳಗುತ್ತದೆ. ಸಿಗ್ನಲಿನೊಂದಿಗೆ ಇಂಟರ್‌ಲಾಕ್ ಆದ ಗೇಟಿನಲ್ಲೂ ಗೇಟ್ ಮುಚ್ಚಿ ಬೀಗ ಬಿದ್ದದ್ದು ಖಾತ್ರಿಯಾಗದೆ ಗಾಡಿಗೆ ದಾರಿ ಸಿಗದು.

ಪ್ರೆಸ್ಸಿಗೂ ಇದೇ ಉಪಾಯ ಹೊಂದುತ್ತದೆ. ಒಂದು ದೀಪ ಕಾಯಿಲಿನ ಲೈನಿಗೆ, ಇನ್ನೊಂದು ಪ್ರೆಸ್ ನಿಜಕ್ಕೂ ಸರಿದಾಗ ಒತ್ತಿಕೊಳ್ಳುವ ಲಿಮಿಟ್ ಸ್ವಿಚ್ಚಿನ ಲೈನಿಗೆ. ಮೊದಲನೆಯದು ಉರಿದು ಎರಡನೆಯದು ಉರಿಯದಿದ್ದರೆ ದೋಷ ಅವೆರಡರ ನಡುವೆಯೇ ಇದೆ. ಎರಡನೆಯ ದೀಪವನ್ನು ಆಮೇಲೆ ಎಲೆಕ್ಟ್ರಿಷಿಯನ್ ಸೇರಿಸಿದ್ದರೆ ಕಂಪನಿ ಕೊಟ್ಟ ನಕ್ಷೆಯಲ್ಲಿ ಅದು ಇರುವುದಿಲ್ಲ. ಕಡತ ಮಾತ್ರ ಓದುವ ಇತಿಹಾಸಕಾರರಿಗೆ ಆ ಕೈ ಕಾಣುವುದೂ ಇಲ್ಲ. ಹಾಗಾಗಿ ನನ್ನ ಟಿಪ್ಪಣಿಗಳಲ್ಲಿ ಯಂತ್ರದ ಹೆಸರಿನ ಜೊತೆಗೆ, ಯಾವ ದೀಪ ಯಾವ ಲೈನಿಗೆ ಸೇರಿದೆ, ಯಾವುದು ನಂತರ ಬಂದದ್ದು ಎಂದೂ ಬರೆದಿಡುತ್ತಿದ್ದೇನೆ.