ರಾಬರ್ಟ್‌ಸನ್‌ಪೇಟೆ: ಮತ, ಸೀಮೆ ಮತ್ತು ಊಟ

ಕೋಲಾರ ಚಿನ್ನದ ಗಣಿಗಳಿಗೆ (ಕೆಜಿಎಫ್) ಅಂಟಿಕೊಂಡು 20ನೆಯ ಶತಮಾನದ ಆರಂಭದಲ್ಲಿ ಬೆಳೆದ ಪೇಟೆ ಇದು. ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಡೊನಾಲ್ಡ್ ರಾಬರ್ಟ್‌ಸನ್ ಹೆಸರು ಹೊತ್ತಿದೆ. ಇಲ್ಲಿನ ಊಟವನ್ನು ಹಿಂದೂ, ಮುಸ್ಲಿಂ, ಕ್ರೈಸ್ತ ಎಂದಷ್ಟೇ ವಿಂಗಡಿಸಹೊರಟರೆ ಲೆಕ್ಕ ತಪ್ಪುತ್ತದೆ. ಯಾವತ್ತು ಹಬ್ಬದಡುಗೆ ಎಂದು ಹೇಳುವುದು ಮತ. ಪಾತ್ರೆಯಲ್ಲಿ ಏನು ಬೇಯಬೇಕು ಎಂದು ಹೇಳುವುದು ಹೆಚ್ಚಾಗಿ ಅಜ್ಜ ಬಿಟ್ಟುಬಂದ ಸೀಮೆ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಗಣಿಗಾರಿಕೆಗೆ ಕೈಹಾಕಿತು. ಕೆಲಸ ಹೆಚ್ಚಿದಂತೆ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಜನ ಬಂದರು. ಬಹುಪಾಲು ತಮಿಳು ದಲಿತರು. ಆಂಗ್ಲೋ ಇಂಡಿಯನ್ನರು, ಕಾರ್ನ್‌ವಾಲಿನ ಗಣಿಗಾರರು, ಪೇಟೆಗೆ ವ್ಯಾಪಾರಸ್ಥರೂ ಸೇರಿಕೊಂಡರು. ಸುತ್ತಲ ಹಳ್ಳಿಗಳಲ್ಲಿ ಕನ್ನಡ, ತೆಲುಗು.

ಈ ಜಿಲ್ಲೆಯ ಧಾನ್ಯವೆಂದರೆ ರಾಗಿ. ಕನ್ನಡದ ಮನೆಯಲ್ಲಿ ಅದು ಮುದ್ದೆ, ತೆಲುಗರಿಗೆ ಸಂಗಟಿ, ತಮಿಳರಿಗೆ ಕಳಿ. ತಮಿಳರು ಆಡಿ ತಿಂಗಳಲ್ಲಿ ಮಾರಿಯಮ್ಮನಿಗೆ ಒಪ್ಪಿಸುವ ‘ಕೂಳ್’ ಕೂಡ ರಾಗಿಯದೇ. ಹಿಂದಿನ ದಿನ ಕಲಸಿ ಹುಳಿಬರಿಸಿದ ಹಿಟ್ಟನ್ನು ನುಚ್ಚಕ್ಕಿಯೊಡನೆ ಬೇಯಿಸಿ, ಆರಿದ ಮೇಲೆ ಮಜ್ಜಿಗೆ, ಹೆಚ್ಚಿದ ಸಣ್ಣ ಈರುಳ್ಳಿ ಬೆರೆಸುತ್ತಾರೆ. ನಂಜಿಕೊಳ್ಳಲು ನುಗ್ಗೆಸೊಪ್ಪು ಇಲ್ಲವೆ ಒಣಮೀನು. ‘ಕೂಳ್’ ಎಂಬುದು ಹಳಗನ್ನಡದಲ್ಲಿ ಅನ್ನವೆಂಬ ಅರ್ಥವಿದ್ದ ಮಾತೇ. ನಮ್ಮಲ್ಲಿ ಈಗ ‘ಕೂಳು’ ಎಂದರೆ ಬೈಗುಳ. ಅಲ್ಲಿ ಅದು ದೇವಿಯ ನೈವೇದ್ಯ. ಸಂಕ್ರಾಂತಿಗೂ ಹೀಗೇ: ಒಂದು ಮನೆಯಿಂದ ಎಳ್ಳುಬೆಲ್ಲ, ಹಿತಕಬೇಳೆ ಸಾರು, ಪಕ್ಕದ ಮನೆಯಲ್ಲಿ ಹಾಲುಕ್ಕಿಸಿದ ಪೊಂಗಲ್.

ಬೌದ್ಧರ ಕಥೆ ಬೇರೆ. ಅಯೋತಿ ದಾಸರ (1845–1914) ತಮಿಳು ಬೌದ್ಧ ಚಳವಳಿ ಇಲ್ಲಿನ ಗಣಿ ಬಡಾವಣೆಗಳಾದ ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಗಟ್ಟಿಯಾಗಿ ಬೇರೂರಿತು. ಅವರ ‘ತಮಿಳನ್’ ಪತ್ರಿಕೆ ಮುಂದೆ ಇಲ್ಲಿಂದಲೇ ಹೊರಟಿತು. ದೀಪಾವಳಿಯ ಎಣ್ಣೆಸ್ನಾನದ ಹಿಂದೆ ಇರುವುದು ನರಕಾಸುರನಲ್ಲ, ಬೌದ್ಧ ಭಿಕ್ಷುಗಳು ಎಳ್ಳೆಣ್ಣೆಯ ಗುಣ ಕಂಡುಹಿಡಿದ ನೆನಪು ಎಂದು ಅವರು ವಾದಿಸಿದರು. ಹಬ್ಬ ಬಿಡದೆ ಅದರ ಅರ್ಥವನ್ನೇ ತಿರುಗಿಸಿದ ಜಾಣತನವದು.

ಕ್ರಿಸ್‌ಮಸ್ಸಿನಲ್ಲೂ ಒಂದೇ ಊಟವಿಲ್ಲ. ಆಂಗ್ಲೋ ಇಂಡಿಯನ್ ಮೇಜಿನ ಮೇಲೆ ತೆಂಗಿನಹಾಲು, ಅರಿಸಿನದ ಯೆಲ್ಲೋ ರೈಸ್, ಕೈಮಾ ಉಂಡೆಯ ಬಾಲ್ ಕರಿ. ತಮಿಳು ಕ್ರೈಸ್ತರ ಮನೆಯಲ್ಲಿ ಬಿರಿಯಾನಿ, ಮುರುಕು. ಎರಡೂ ಕಡೆ ಓಡಾಡುವುದು ಕಲ್‌ಕಲ್: ಮೈದಾ ಉಂಡೆಯನ್ನು ಫೋರ್ಕಿನ ಬೆನ್ನಿಗೊತ್ತಿ ಸುರುಳಿ ಸುತ್ತಿ, ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸಿದ್ದು. ಆಂಗ್ಲೋ ಇಂಡಿಯನ್ನರ ‘ಪೆಪ್ಪರ್ ವಾಟರ್’ ನಮ್ಮ ಮೆಣಸಿನ ಸಾರೇ. ಕೆಜಿಎಫ್‌ನಲ್ಲೇ ಹುಟ್ಟಿದ ಬ್ರಿಜೆಟ್ ವೈಟ್ ಕುಮಾರ್ ಈ ಅಡುಗೆಗಳನ್ನು ಪುಸ್ತಕಗಳಲ್ಲಿ ದಾಖಲಿಸಿದ್ದಾರೆ.

ಮುಸ್ಲಿಮರ ಬಿರಿಯಾನಿಯೂ ಸೀಮೆಗೊಂದು. ಬೇತಮಂಗಲದ ಕೆರೆಯಿಂದ ಗಣಿಗಳಿಗೆ ನೀರು ಕೊಟ್ಟ ಪಾಲಾರ್ ಹೊಳೆ ಕೆಳಗೆ ವಾಣಿಯಂಬಾಡಿ, ಆಂಬೂರಿನತ್ತ ಹರಿಯುತ್ತದೆ. ಅಲ್ಲಿನ ಮುಸ್ಲಿಮರ ಬಿರಿಯಾನಿಗೆ ಸಣ್ಣಕಾಳಿನ ಜೀರಗ ಸಾಂಬಾ ಅಕ್ಕಿ, ಜೊತೆಗೆ ಹುಳಿ ಬದನೆಕಾಯಿ. ಮಲಬಾರಿನದಕ್ಕೆ ಕೈಮಾ ಅಕ್ಕಿ, ಹೈದರಾಬಾದಿನದಕ್ಕೆ ಬಾಸ್ಮತಿ.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಈಗ ಸಾವಿರಾರು ಮಂದಿ ಬುತ್ತಿ ಕಟ್ಟಿಕೊಂಡು ನಸುಕಿನ ರೈಲಿಗೆ ಬೆಂಗಳೂರಿಗೆ ಹೋಗುತ್ತಾರೆ. ದಾರಿಯ ಬಂಗಾರಪೇಟೆ ಪಾನಿಪುರಿಗೆ ಹೆಸರುವಾಸಿ; ಅಲ್ಲಿನ ಪಾನಿ ಹಸಿರಲ್ಲ, ತಿಳಿನೀರು. ನೋಡಿದರೆ ಬರೀ ನೀರು, ಬಾಯಿಗಿಟ್ಟರೆ ಕಣ್ಣಲ್ಲಿ ನೀರು.