ಮೂರು ಮನೆ ಕಂಡ ಹೆಂಚು

ನಮ್ಮ ಅಡುಗೆಮನೆಯ ಮಾಡಿಗೆ ಹೊದಿಸಿದ್ದ ಹೆಂಚಿಗೆ ನನಗಿಂತ ಹೆಚ್ಚು ವಯಸ್ಸು. ಮದುವೆಯಾಗಿ ಬಂದ ಹೊಸದರಲ್ಲಿ ಅದರ ಕಪ್ಪು ಕಂಡು ನಾನು ಮೂಗು ಮುರಿದಿದ್ದೆ. "ನಮ್ಮೂರು ಅಂತ ಉಳಿದಿರೋದು ಅದೊಂದೇ ಮಾರಾಯ್ತಿ" ಅಂದಿದ್ದರು ಅತ್ತೆ.

1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಅವರ ಊರು ಮುಳುಗಿತು. ನೀರೇರುವ ಮೊದಲೇ ಮಾವನವರು ಹೆಂಚು, ತೊಲೆ, ಬಾಗಿಲುಗಳನ್ನು ಇಳಿಸಿ ಗಾಡಿಗೆ ಹೇರಿದ್ದರಂತೆ. ಕೈಯಲ್ಲಿದ್ದ ಹಣ ಸಾಲದೆ ಹೋದಾಗ, ಹೊಸ ಜಾಗದಲ್ಲಿ ಸೂರಾದದ್ದು ಆ ಹಳೆಯ ಸಾಮಾನೇ.

ಮಂಗಳೂರು ಹೆಂಚಿನ ಗುಣವೇ ಅದು. ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿ ತಯಾರಿಸಿದ ಈ ಹೆಂಚು ರೀಪಿಗೆ ಕಚ್ಚಿ, ಒಂದಕ್ಕೊಂದು ಸೇರಿ ಕೂರುತ್ತದೆ, ಗಾರೆ ಬೇಡ. ಇಳಿಸಿ ಮತ್ತೆ ಹೊದಿಸಬಹುದು. ಸೋರುವ ಹೆಂಚೂ ವ್ಯರ್ಥವಲ್ಲ. ತಿರುವನಂತಪುರದಲ್ಲಿ ಬಡವರಿಗೆ ಅಗ್ಗದ ಮನೆ ಕಟ್ಟಿದ ಲಾರೀ ಬೇಕರ್ (1917–2007) ತಾರಸಿಯ ತಳಭಾಗದಲ್ಲಿ ಹಳೆಯ ಹೆಂಚಿಟ್ಟು ಕಾಂಕ್ರೀಟು ಉಳಿಸಿದರು.

ಕಳೆದ ವರ್ಷ ಮಗ ತಾರಸಿ ಹಾಕಿಸಿದ. ಹೆಂಚು ಒಡೆದುಹಾಕಲು ಹೊರಟ ಆಳುಗಳನ್ನು ತಡೆದು ಒಂದೊಂದಾಗಿ ಇಳಿಸಿದೆವು. ಈಗದು ನಮ್ಮ ಕೆಲಸದಾಕೆ ಕಟ್ಟಿಕೊಂಡ ಎರಡು ಕೋಣೆಯ ಮನೆಯ ಮೇಲಿದೆ. ಮೊದಲ ಮಳೆಗೆ ಹೋಗಿ ನೋಡಿದೆ. ಸೋರಿರಲಿಲ್ಲ.